ನೀರುಗಂಟಿಯ ನೆಂಟರು

ಹೋದ ಬೇಸಿಗೆಯಲ್ಲಿ ನಮ್ಮ ಕೆರೆಯ ಹಳೆಯ ತೂಬನ್ನು ಬಿಚ್ಚಿ, ಚಕ್ರ ತಿರುಗಿಸಿದರೆ ಮೇಲೇಳುವ ಕಬ್ಬಿಣದ ಬಾಗಿಲು ಕೂರಿಸಿದರು. ಆ ಕೆಲಸ ನನ್ನ ಪಾಲಿಗೇ ಬಂತು. ಶಿಡ್ಲಘಟ್ಟದ ಸುತ್ತಮುತ್ತ ಇಂಜಿನ್ನು, ಪಂಪು, ವಾಲ್ವು ಎಂದರೆ ಜನ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಹೊಸ ಬಾಗಿಲು ಚೆನ್ನಾಗಿಯೇ ಕೂತಿದೆ, ಒಂದು ತೊಟ್ಟು ನೀರು ಸೋರುವುದಿಲ್ಲ. ಆದರೆ ಹಳೆಯ ತೂಬಿನ ಎರಡು ಕಲ್ಲುಕಂಬಗಳನ್ನು ಒಡೆದು ಜಲ್ಲಿ ಮಾಡಿಬಿಡೋಣ ಎಂದು ಮೇಸ್ತ್ರಿ ಹೇಳಿದಾಗ, ಬಲಗಡೆಯದನ್ನು ಮುಟ್ಟಬೇಡಿ ಅಂದೆ. ಯಾಕೆ ಅಂತ ಕೇಳಿದ. ಅದರಲ್ಲಿ ಬರಹ ಇದೆ ಅಂದೆ. ಅವನು ಬಗ್ಗಿ ನೋಡಿದ. ಉಳಿಯಿಂದ ಕೊರೆದ ಅಡ್ಡಗೆರೆಗಳು, ಕೆಲವು ಮೇಲೆ, ಕೆಲವು ಕೆಳಗೆ. ಅಷ್ಟು ಬಿಟ್ಟು ಅವನಿಗೆ ಏನೂ ಕಾಣಲಿಲ್ಲ. ಆದರೂ ಒಡೆಯದೆ ಬಿಟ್ಟ. ಕಂಬ ಅಲ್ಲೇ ನಿಂತಿದೆ.

ಆ ಗೆರೆ ಕೊರೆದವರು ನಮ್ಮೂರ ನೀರುಗಂಟಿ. ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂದು ನೋಡಿಕೊಳ್ಳುವುದು ಅವರ ಮನೆತನದ ಕೆಲಸ. ಹೆಸರು ಬರೆಯುವುದಿಲ್ಲ. ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕೂಗಿದ್ದನ್ನು ನಾನು ಕೇಳಿಲ್ಲ. ನೀರುಗಂಟಿ ಎಲ್ಲಿ ಎಂದರೆ ಅವರೊಬ್ಬರೇ. ಆಗೆಲ್ಲ ನಾವು ಅವರನ್ನು ಬಾ, ಹೋಗು ಎಂದೇ ಮಾತಾಡಿಸುತ್ತಿದ್ದೆವು, ನಮಗಿಂತ ನಲವತ್ತು ವರ್ಷ ದೊಡ್ಡವರನ್ನು. ಈಗ ಬರೆಯಲು ಕೂತರೆ ಕೈ ತಾನಾಗಿ ‘ಅವರು’ ಎಂದು ಬರೆಯುತ್ತದೆ. ತಡವಾಗಿ ಬಂದ ಮರ್ಯಾದೆ. ಇಡೀ ಊರಿನ ಗದ್ದೆಗೆ ನೀರು ಬಿಡುತ್ತಿದ್ದ ಮನುಷ್ಯ ಊರ ಬಾವಿಯ ಹಗ್ಗ ಮುಟ್ಟುವ ಹಾಗಿರಲಿಲ್ಲ. ನಮ್ಮ ಮನೆಗೆ ಬಂದರೆ ಜಗಲಿಯ ಕೆಳಗೇ ನಿಂತು ಮಾತಾಡಿ ಹೋಗುತ್ತಿದ್ದರು. ಅದರಲ್ಲಿ ತಪ್ಪಿದೆ ಎಂದು ಆಗ ನನಗೂ ಅನ್ನಿಸಿರಲಿಲ್ಲ.

ಉದ್ದನೆಯ ಆಳು. ಸೊಂಟಕ್ಕೊಂದು ತುಂಡುಪಂಚೆ, ತಲೆಗೊಂದು ಟವಲು, ಹೆಗಲ ಮೇಲೆ ಸನಿಕೆ. ತೂಬಿನ ಬಿರಡೆ ಎತ್ತಲು ಕೆರೆಯಲ್ಲಿ ಮುಳುಗಿದರೆ, ದಡದಲ್ಲಿದ್ದವರಿಗೆ ಭಯ ಹುಟ್ಟುವಷ್ಟು ಹೊತ್ತು ಮೇಲೆ ಬರುತ್ತಿರಲಿಲ್ಲ. ಬಂದ ಮೇಲೆ ಮೂಗು ಒರೆಸಿಕೊಂಡು, ಏನೂ ಆಗದವರ ಹಾಗೆ, ಯಾರ ಹತ್ತಿರ ಬೀಡಿ ಇದೆ ಎಂದು ನೋಡುತ್ತಿದ್ದರು. ಯಾವುದನ್ನೂ ಬೆರಳಿನಿಂದ ತೋರಿಸುತ್ತಿರಲಿಲ್ಲ, ಗದ್ದ ಎತ್ತಿ ತೋರಿಸುತ್ತಿದ್ದರು. ಕೆರೆಯ ಹಕ್ಕಿಗಳ ವಿಷಯದಲ್ಲಂತೂ ಬೇರೆಯವರಿಗೂ ಅದೇ ಕಟ್ಟಳೆ. ಯಾರಾದರೂ ಕೈ ನೀಡಿದರೆ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, “ಮನೆಗೆ ಬಂದೋರ್ಗೆ ಬೊಟ್ಟು ಮಾಡ್ತಾರೇನಪ್ಪ?” ಅನ್ನುತ್ತಿದ್ದರು.

ಹಕ್ಕಿ ಎಂದರೆ ಅವರಿಗೆ ಮುಖ್ಯವಾಗಿ ಕಾರ್ತಿಕದಲ್ಲಿ ಬರುವ ಹೆಬ್ಬಾತು. ಬೂದು ಮೈ, ಬಿಳಿಯ ತಲೆ, ತಲೆಯ ಹಿಂದೆ ಮಸಿಯಲ್ಲಿ ಎಳೆದ ಹಾಗೆ ಎರಡು ಪಟ್ಟೆ. ಕಾರ್ತಿಕದಲ್ಲಿ ಬಂದರೆ ಶಿವರಾತ್ರಿಯ ಆಸುಪಾಸಿಗೆ ಹೊರಟುಹೋಗುತ್ತವೆ. ನೀರುಗಂಟಿಯ ಮನೆಯಲ್ಲಿ ತೆಲುಗು, ಕನ್ನಡ ಎರಡೂ ಕಲೆತು ಓಡಾಡುತ್ತಿದ್ದವು. ನೆಂಟರಿಗೆ ತೆಲುಗಿನಲ್ಲಿ ಹೇಳುವ ಹಾಗೆ ಈ ಬಾತುಗಳನ್ನು ಅವರು ‘ಚುಟ್ಟಾಲು’ ಎಂದು ಕರೆಯುತ್ತಿದ್ದರು. ಅವುಗಳಿಗಿಂತ ಎರಡು ತಿಂಗಳು ಮುಂಚೆ, ಭಾದ್ರಪದದಲ್ಲೇ, ಕಣದ ಮೇಲೆ ಬಾಲ ಕುಣಿಸಿಕೊಂಡು ಓಡಾಡುವ ಕುಂಡೆಕುಸ್ಕ ಬರುತ್ತದಲ್ಲ, ಅದನ್ನು ಕಂಡ ದಿನ ಏರಿಯ ಮೇಲೆ ನಿಂತು, ಮುಂದಾಗಿ ಬಂದು ಹೇಳೋನು ಬಂದ, ಇನ್ನು ಹಿಂದಿನವರು ಗಂಟುಮೂಟೆ ಕಟ್ಟುತ್ತಿರುತ್ತಾರೆ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಹೆಬ್ಬಾತುಗಳು ಇಳಿದ ದಿನ ನೀರಿಗೆ ಹೋಗಿ, ಆವತ್ತು ನೀರು ಎಲ್ಲಿಗೆ ಮುಟ್ಟಿತ್ತೋ ಅಲ್ಲಿಗೆ ಕಂಬದ ಮೇಲೆ ಉಳಿಯಿಂದ ಒಂದು ಗೆರೆ. ನೆಂಟರು ಬಂದ ದಿನ ಮನೆಯಲ್ಲಿ ಎಷ್ಟಿತ್ತು ಅನ್ನುವುದಕ್ಕೆ ಅದೇ ಗುರುತು.

ಹಾಗಂತ ಗದ್ದೆಯ ಕೆಲಸದಲ್ಲಿ ಅವರು ಮೈಮರೆತವರಲ್ಲ. ಹೆಬ್ಬಾತುಗಳು ಭತ್ತದ ಎಳೆಯ ಸಸಿಗಳ ಒಟ್ಲಿಗೆ ಇಳಿದರೆ ಮೊದಲು ಓಡಿ ಹೋಗಿ ಚಪ್ಪಾಳೆ ತಟ್ಟುತ್ತಿದ್ದವರು ಅವರೇ. ಓಡಿಸುತ್ತಾ ಬೈಯುತ್ತಿದ್ದರೋ ಸಮಾಧಾನ ಮಾಡುತ್ತಿದ್ದರೋ ಹೇಳುವುದು ಕಷ್ಟ. ಇಲ್ಲಿ ಬೇಡಿ, ಇದು ಇನ್ನೂ ಕೂಸು, ಆ ಕಡೆ ಕುಯ್ದ ಗದ್ದೆಯಲ್ಲಿ ಉದುರಿದ್ದು ಬೇಕಾದಷ್ಟಿದೆ, ಅಲ್ಲಿಗೆ ಹೋಗಿ ಎಂದು ದಾರಿ ತೋರಿಸುತ್ತಿದ್ದರು. ಗದ್ದ ಎತ್ತಿ.

ನೀರಿನ ಕೆಲಸದ ಜೊತೆಗೆ ಅವರ ಮನೆತನಕ್ಕೆ ಇನ್ನೊಂದು ಕೆಲಸ ಅಂಟಿಕೊಂಡಿತ್ತು. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಹೊರಗಿನ ಊರುಗಳಲ್ಲಿರುವ ಸಂಬಂಧಿಕರಿಗೆ ಸುದ್ದಿ ಮುಟ್ಟಿಸುವುದು. ನಮ್ಮ ಅಪ್ಪ ಹೋದಾಗ ಕೈವಾರದ ಕಡೆಯ ಅತ್ತೆಯ ಮನೆಗೆ ನಡೆದು ಹೋಗಿ ಹೇಳಿ ಬಂದವರು ಅವರೇ. ಸುದ್ದಿ ಹೇಳುವುದಕ್ಕೂ ಅವರಲ್ಲಿ ಒಂದು ಕ್ರಮ ಇತ್ತು. ಬಾಗಿಲಲ್ಲಿ ನಿಂತು ಮೊದಲು ಮಳೆ ಬೆಳೆ ಕೇಳುತ್ತಿರಲಿಲ್ಲ, ಸುತ್ತಿ ಬಳಸುತ್ತಿರಲಿಲ್ಲ. ತಲೆಯ ಟವಲು ತೆಗೆದು ಕೈಯಲ್ಲಿ ಹಿಡಿದರೆ ಮನೆಯವರಿಗೆ ಗೊತ್ತಾಗುತ್ತಿತ್ತು. ಸುದ್ದಿ ಹೇಳದೆ ಒಂದು ತುತ್ತು ತಿನ್ನುತ್ತಿರಲಿಲ್ಲ, ನೀರೂ ಕುಡಿಯುತ್ತಿರಲಿಲ್ಲ. ಹೇಳಿ ಹಿಂದಿರುಗುವ ದಾರಿಯಲ್ಲಿ ಮಾತ್ರ ಪ್ರತಿ ಕೆರೆಯ ಏರಿಯ ಮೇಲೂ ಕೂತು ಬರುತ್ತಿದ್ದರು. ಯಾವ ಕೆರೆಯಲ್ಲಿ ನೀರೆಷ್ಟು, ಹಕ್ಕಿ ಯಾವುದು, ಗುಂಪು ದೊಡ್ಡದೋ ಸಣ್ಣದೋ, ಎಲ್ಲ ನೋಡಿಕೊಂಡು ಬರುತ್ತಿದ್ದರು. ಸಾವಿನ ಸುದ್ದಿ ಕೊಂಡು ಹೋದವರು ಹಕ್ಕಿಗಳ ಸುದ್ದಿ ತರುತ್ತಿದ್ದರು. ಹೀಗೆ ನಲವತ್ತು ವರ್ಷ ನಡೆದು ನೋಡಿದವರು.

ನನಗೂ ಅವರಿಗೂ ಮಾತು ಬೆಳೆದದ್ದು ಜಗಳದಿಂದ. ಅಪ್ಪ ಹೋದ ವರ್ಷ ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಚಿಕ್ಕಬಳ್ಳಾಪುರದ ಒಂದು ಶೆಡ್ಡಿನಲ್ಲಿ ಏಳು ವರ್ಷ ಗ್ರೀಸು ಒರೆಸಿ ಕೆಲಸ ಕಲಿತೆ. ಐವತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಬಾವಿಗಳಿಗೆ ಆಯಿಲ್ ಇಂಜಿನ್ ಬಂದವು, ನಾನೂ ಊರಿಗೆ ಬಂದೆ. ಏರಿಯ ಹಿಂದಿನ ಬಾವಿಯೊಂದಕ್ಕೆ ಹೊಸ ಇಂಜಿನ್ ಕೂರಿಸಿ, ಬೆಳಕು ಹರಿಯುವ ಮುಂಚೆ ಹ್ಯಾಂಡಲ್ ಹೊಡೆದು ಓಡಿಸಿದ್ದೆ. ಅದರ ಸದ್ದು ನಂದಿಬೆಟ್ಟಕ್ಕೆ ಕೇಳಬೇಕು ಎಂದು ನನ್ನ ಆಸೆ. ನೀರುಗಂಟಿ ಬದುವಿನ ಮೇಲೆ ಬಂದು ನಿಂತರು.

“ಒಂದು ಗಳಿಗೆ ನಿಲ್ಸಪ್ಪ.”

“ಯಾಕೆ? ಏನಾಗದೆ ಇಂಜಿನ್‌ಗೆ?”

“ಇಂಜಿನ್‌ಗೆ ಏನಾಗದೆ, ಚೆನ್ನಾಗೇ ಬೊಗಳ್ತಾ ಅದೆ. ಚುಟ್ಟಾಲು ಇಳಿಯೋ ಹೊತ್ತು. ಇಳಿದ ಮೇಲೆ ಹಾಕ್ಕೊ.”

ಹಕ್ಕಿಗೋಸ್ಕರ ಇಂಜಿನ್ ನಿಲ್ಲಿಸುವುದೇ ಎಂದು ನನಗೆ ಸಿಟ್ಟು ಬಂತು. ಕೇಳದವನ ಹಾಗೆ ಬೆಲ್ಟು ನೋಡುತ್ತಾ ಕೂತೆ. ಅವರು ಜಗಳ ಆಡಲಿಲ್ಲ, ಹೋಗಲೂ ಇಲ್ಲ. ಅಲ್ಲೇ ಕುಕ್ಕುರುಗಾಲಲ್ಲಿ ಕೂತು ಆಕಾಶ ನೋಡಿದರು. ಸ್ವಲ್ಪ ಹೊತ್ತಿಗೆ ಗದ್ದೆಗಳ ಕಡೆಯಿಂದ ಗುಂಪು ಬಂತು. ಬಂದದ್ದು ಇಳಿಯಲಿಲ್ಲ. ಕೆರೆಯ ಮೇಲೆ ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಸುತ್ತು ಹಾಕುವಾಗ ಅವು ಒಂದನ್ನೊಂದು ಕರೆಯುವ ದನಿ ಇಂಜಿನ್ನಿನ ಸದ್ದಿನ ನಡುವೆ ತುಂಡು ತುಂಡಾಗಿ ಕೇಳುತ್ತಿತ್ತು. ನೀರುಗಂಟಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಯಾಕೋ ನಾನೇ ಎದ್ದು ಹೋಗಿ ಇಂಜಿನ್ ನಿಲ್ಲಿಸಿದೆ. ಆ ಮೌನದಲ್ಲಿ ನೂರಾರು ರೆಕ್ಕೆಗಳು ತಲೆಯ ಮೇಲೆ ಹಾದು, ಕಾಲು ಮುಂದೆ ಚಾಚಿ ನೀರು ಸೀಳಿಕೊಂಡು ಕೂತವು. ಅವರು ಎದ್ದು ಪಂಚೆ ಕೊಡವಿಕೊಂಡು, “ಈಗ ಬೊಗಳಿಸ್ಕೊ” ಎಂದು ಹೊರಟರು. ಅಂದಿನಿಂದ ನನ್ನ ಹೆಸರು ಇಂಜಿನಪ್ಪ. ನಾನು ಅವರನ್ನು ತಾತ ಎಂದು ಕರೆಯತೊಡಗಿದ್ದು ಯಾವಾಗ ಎಂದು ನೆನಪಿಲ್ಲ. ನಮ್ಮ ಮನೆಯಲ್ಲಿ ಅದು ಯಾರಿಗೂ ಹಿಡಿಸಲಿಲ್ಲ.

ಅದಾದ ಮೇಲೆ ಕಾರ್ತಿಕದಿಂದ ಶಿವರಾತ್ರಿಯವರೆಗೆ ಬೆಳಗಿನ ಹೊತ್ತು ಅವರ ಪಕ್ಕ ಏರಿಯ ಮೇಲೆ ಕೂರುವುದು ನನಗೂ ಅಭ್ಯಾಸವಾಯಿತು. ಅವರ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಇವು ಎಲ್ಲಿಂದ ಬರುತ್ತವೆ? ಅದಕ್ಕೆ ಅವರದೇ ಅಳತೆಗಳಿದ್ದವು. ಬಂದ ಎರಡು ದಿನ ಅವು ಮೇಯುವುದಿಲ್ಲ, ಕತ್ತು ಹಿಂದಕ್ಕೆ ಹಾಕಿ ಮಲಗಿಯೇ ಇರುತ್ತವೆ. ಬಂದಾಗ ಎದೆಯ ಮೂಳೆ ಕುಡುಗೋಲಿನ ಹಾಗೆ ಎದ್ದು ಕಾಣುತ್ತದೆ, ಹೋಗುವಾಗ ಎದೆ ತುಂಬಿರುತ್ತದೆ. “ಒಂದು ಎರಡು ದಿನದ ದಾರಿಗೆ ಹಿಂಗೆ ಸೊರಗ್ತಾರೇನಪ್ಪ? ನಾನು ಚಿಂತಾಮಣಿಗೆ ನಡೆದು ಬಂದ್ರೆ ಒಂದು ನಿದ್ದೆ ಸಾಕು. ಇವ್ರು ಆಕಾಶ ಮುಗಿಯೋ ಕಡೆಯಿಂದ ಬಂದವ್ರೆ,” ಅನ್ನುತ್ತಿದ್ದರು. ಸಾಯುವುದರೊಳಗೆ ಅದೊಂದು ತಿಳಿದರೆ ಸಾಕು ಎಂದು ಒಮ್ಮೆ ಹೇಳಿದ್ದರು. ನಾನು ನಕ್ಕಿದ್ದೆ. ಅವರು ನಕ್ಕಿರಲಿಲ್ಲ.

ಒಂದು ವರ್ಷ ಸಂಕ್ರಾಂತಿಯ ಆಸುಪಾಸಿನಲ್ಲಿ ಪಟ್ಟಣದ ಕಡೆಯಿಂದ ಜೀಪಿನಲ್ಲಿ ಕೆಲವರು ಬಂದೂಕು ತಂದು ಕೆರೆಯಲ್ಲಿ ಹೊಡೆದು ಹೋದರು. ಮೂರು ದಿನದ ಮೇಲೆ ಜೊಂಡಿನೊಳಗೆ ಗಾಯಗೊಂಡು ಸತ್ತ ಒಂದು ಹೆಬ್ಬಾತು ನೀರುಗಂಟಿಗೆ ಸಿಕ್ಕಿತು. ಅದನ್ನು ಏರಿಯ ಪಕ್ಕ ಮಣ್ಣು ಮಾಡಿದರು. ಅದರ ಕಾಲಿನಲ್ಲಿ ಒಂದು ತೆಳು ತಗಡಿನ ಬಳೆ ಇತ್ತು. ಬಳೆಯ ಮೇಲೆ ಸಣ್ಣ ಅಕ್ಷರ. ಮಣ್ಣಿಗಿಡುವ ಮುಂಚೆ ಅದನ್ನು ಬಿಚ್ಚಿ, ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು ನೇರ ನಾನು ಕೆಲಸ ಮಾಡುತ್ತಿದ್ದ ಬಾವಿಯ ಹತ್ತಿರ ಬಂದರು. ಚೀಲ ಬಿಚ್ಚಿ ಬಳೆಯನ್ನು ನನ್ನ ಮುಂದೆ ಹಿಡಿದರು.

“ಇಂಜಿನಪ್ಪ, ಇದ್ರಲ್ಲಿ ಊರು ಬರೆದವ್ರೆ. ಓದಿ ಹೇಳಪ್ಪ.”

ಇಲ್ಲಿ ನನ್ನ ವಿಷಯ ಒಂದು ಹೇಳಬೇಕು. ಇಂಜಿನ್ನಿನ ಮೈಮೇಲೆ ಅಚ್ಚು ಹಾಕಿದ ಇಂಗ್ಲೀಷ್ ಹೆಸರುಗಳನ್ನು, ಬಿಡಿಭಾಗಗಳ ನಂಬರುಗಳನ್ನು ನಾನು ನೋಡಿ ನೋಡಿ ಗುರುತು ಹಿಡಿಯುತ್ತಿದ್ದೆ, ಮುಖ ನೋಡಿ ಮನುಷ್ಯರನ್ನು ಗುರುತು ಹಿಡಿಯುವ ಹಾಗೆ. ಅಂಗಡಿಯವನು ತಪ್ಪು ವಾಷರ್ ಕೊಟ್ಟರೆ ಡಬ್ಬಿ ನೋಡಿಯೇ ಹಿಂದಕ್ಕೆ ಎಸೆಯುತ್ತಿದ್ದೆ. ಅದನ್ನು ಊರಿನವರು ಇಂಗ್ಲೀಷ್ ಓದು ಅಂದುಕೊಂಡಿದ್ದರು. ನಾನು ಅಲ್ಲ ಅಂದಿರಲಿಲ್ಲ. ಸ್ಕೂಲು ಬಿಟ್ಟವನಿಗೆ ಆ ಹೆಸರು ಸಿಹಿಯಾಗಿತ್ತು. ಈಗ ಬಾವಿಯ ಸುತ್ತ ಆಲೂಗಡ್ಡೆ ಮಡಿ ಮಾಡುತ್ತಿದ್ದ ಏಳೆಂಟು ಜನ ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದಾರೆ. ಬಳೆಯನ್ನು ಬೆಳಕಿಗೆ ಹಿಡಿದೆ, ತಿರುಗಿಸಿದೆ. ಒಂದು ಅಕ್ಷರವೂ ಪರಿಚಯದ ಮುಖ ತೋರಿಸಲಿಲ್ಲ. ಬರುವುದಿಲ್ಲ ಎಂದು ಹೇಳಲು ನಾಲಗೆ ಏಳಲಿಲ್ಲ. ನಮ್ಮ ಇಂಜಿನ್ನುಗಳೆಲ್ಲ ಮದ್ರಾಸಿನಿಂದ ಬರುತ್ತಿದ್ದವು.

“ಮದ್ರಾಸು,” ಅಂದೆ.

ಆಲೂಗಡ್ಡೆಯವರು ತಲೆದೂಗಿ ಮಡಿಗೆ ಹಿಂದಿರುಗಿದರು. ನೀರುಗಂಟಿ ಮಾತ್ರ ನಿಂತೇ ಇದ್ದರು.

“ಮದ್ರಾಸಾ?” ಅಂದರು. “ರೈಲಲ್ಲಿ ಹೋದ್ರೆ ಒಂದು ದಿನ ಅಂತಾರೆ.”

“ಹೂಂ ತಾತ, ಅಷ್ಟೇ.”

“ಅಷ್ಟೇನಾ.”

ಬಳೆಯನ್ನು ಚೀಲಕ್ಕೆ ಹಾಕಿಕೊಂಡು ಹೋದರು. ನಲವತ್ತು ವರ್ಷ ತಮ್ಮ ಕಣ್ಣು ಹೇಳಿದ್ದನ್ನು ನನ್ನ ಒಂದು ಮಾತಿಗೆ ಅವರು ಬಿಟ್ಟುಕೊಟ್ಟರು, ಅದು ಓದು ಬಂದವನ ಮಾತು ಅಂತ. ಆ ವರ್ಷ ಶಿವರಾತ್ರಿಯವರೆಗೂ ಏರಿಯ ಮೇಲೆ ಕೂತರು, ಆದರೆ ಎದೆಮೂಳೆಯ ಮಾತು, ಆಕಾಶ ಮುಗಿಯುವ ಕಡೆಯ ಮಾತು ಮತ್ತೆ ಎತ್ತಲಿಲ್ಲ. ನಾನು ಎರಡು ಮೂರು ಸಲ ನಿಜ ಹೇಳಬೇಕು ಎಂದು ಹೋದೆ. ಇಂಜಿನ್ನಿನ ವಿಷಯ ಮಾತಾಡಿ ಹಿಂದಿರುಗಿದೆ.

ಯುಗಾದಿ ಆದ ಮೇಲೆ ಕೆರೆ ತಳ ಕಂಡಿತು, ತೂಬಿಗೆ ಕೆಲಸ ಇರಲಿಲ್ಲ. ಒಂದು ದಿನ ಅವರು ಎಲ್ಲೂ ಕಾಣಲಿಲ್ಲ. ಮರುದಿನವೂ ಇಲ್ಲ. ಅವರ ಗುಡಿಸಲಿನ ಹತ್ತಿರ ಹೋಗಿ ಕೇಳಿದೆ. ಅವರ ಹೆಂಡತಿ ರಾಗಿ ಕೇರುತ್ತಿದ್ದವರು ಮೊರ ನಿಲ್ಲಿಸದೆ ಹೇಳಿದರು.

“ಮದ್ರಾಸಿಗೆ ಹೋಗವ್ರೆ. ಚುಟ್ಟಾಲು ಮನೇಲಿ ಹೆಂಗವ್ರೆ ನೋಡ್ಕೊಂಡು ಬರ್ತಾರಂತೆ. ಮದುವೆಯಾಗಿ ಇಷ್ಟು ವರ್ಷ ಆಯ್ತು, ನನ್ನ ತೌರುಮನೆ ಹೊಸಲು ತುಳಿದೋರಲ್ಲ. ಬಾತು ಮನೆಗೆ ಹುರಿಹಿಟ್ಟು ಕಟ್ಟಿಸ್ಕೊಂಡು ಹೋದ್ರು.”

ಚಿಂತಾಮಣಿ, ಕೋಲಾರ ಬಿಟ್ಟು ಆಚೆ ಹೋದವರಲ್ಲ ಅವರು. ತಮಿಳು ಬಾರದು. ನಾನು ಆಡಿದ ಒಂದು ಸುಳ್ಳನ್ನು ಹಿಡಿದುಕೊಂಡು ಅರವತ್ತು ದಾಟಿದ ಮನುಷ್ಯ ರೈಲು ಹತ್ತಿ ಹೋಗಿದ್ದಾರೆ. ಅಂದಿನಿಂದ ದಿನಾ ಮಧ್ಯಾಹ್ನ ಕೆಲಸ ಬಿಟ್ಟು ಸೈಕಲ್ಲು ತುಳಿದುಕೊಂಡು ಶಿಡ್ಲಘಟ್ಟದ ಸ್ಟೇಷನ್ನಿಗೆ ಹೋಗಿ ನಿಂತೆ. ಬಂಗಾರಪೇಟೆ ಕಡೆಯಿಂದ ಬರುವ ಆ ಸಣ್ಣ ರೈಲು ಬರುತ್ತಿತ್ತು, ಜನ ಇಳಿಯುತ್ತಿದ್ದರು, ಅವರು ಇಳಿಯುತ್ತಿರಲಿಲ್ಲ. ಇಂಜಿನ್ ಕೆಟ್ಟು ನಿಂತಿದೆ ಎಂದು ಹೇಳಿಕಳಿಸಿದವರಿಗೆಲ್ಲ ನಾಳೆ ಬರ್ತೀನಿ ಎಂದು ಹೇಳಿದೆ. ನನ್ನ ಬಾಳಿನಲ್ಲಿ ಹಾಗೆ ಕೆಲಸ ಮುಂದಕ್ಕೆ ಹಾಕಿದ್ದು ಅದೊಂದೇ ಸಲ. ಆರನೆಯ ದಿನ ಕೊನೆಯ ಡಬ್ಬಿಯಿಂದ ಉದ್ದನೆಯ ಆಳೊಂದು ಬಗ್ಗಿಕೊಂಡು ಇಳಿಯಿತು. ಸೊರಗಿದ್ದರು. ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು.

ಗಂಟನ್ನು ಸೈಕಲ್ಲಿಗೆ ಕಟ್ಟಿ, ಇಬ್ಬರೂ ನಡೆದುಕೊಂಡು ಹೊರಟೆವು. ಅವರೇ ಮಾತು ತೆಗೆದರು. ತೆಲುಗಿನಲ್ಲಿ ಕೇಳಿ ಕೇಳಿ ದಾರಿ ಹಿಡಿದರಂತೆ. ದೊಡ್ಡ ಕೆರೆ ಎಲ್ಲಿ ಎಂದರೆ ಎಲ್ಲರೂ ಸಮುದ್ರಕ್ಕೆ ಕಳಿಸಿದರಂತೆ. ಒಬ್ಬ ಪುಣ್ಯಾತ್ಮ ಪಾರ್ಕಿಗೆ ಕರೆದುಕೊಂಡು ಹೋಗಿ ಬೋನಿನೊಳಗಿನ ಹಕ್ಕಿಗಳನ್ನೆಲ್ಲ ತೋರಿಸಿದನಂತೆ. ಇವರು ನಮ್ಮೋರಲ್ಲ ಎಂದು ಹೇಳಿ, ಕೈಮುಗಿದು ಬಂದರಂತೆ.

“ಸಮುದ್ರದ ನೀರು ಬಾಯಿಗೆ ಹಾಕ್ಕೊಂಡು ನೋಡ್ದೆ. ಉಪ್ಪು. ಅಷ್ಟು ನೀರಿಗೆ ಒಂದು ತೂಬಿಲ್ಲ ಕಣಪ್ಪ. ಯಾರ್ಗೂ ಬಿಡಂಗಿಲ್ಲ, ಯಾರೂ ಕೇಳಂಗಿಲ್ಲ. ನೋಡಿ ಅಯ್ಯೋ ಅನ್ನಿಸ್ತು.” ಸ್ವಲ್ಪ ದೂರ ನಡೆದು ಮತ್ತೆ ಹೇಳಿದರು. “ಚುಟ್ಟಾಲು ಇರ್ಲಿಲ್ಲ. ನೀನು ಓದಿದ್ದು ಸರಿನೇ ಇರ್ತದೆ. ನಾನು ಹೋಗೋ ಹೊತ್ಗೆ ಎಲ್ಲೋ ಹೋಗಿದ್ರೇನೋ.”

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸೈಕಲ್ಲು ನಿಲ್ಲಿಸಿದೆ.

“ತಾತ, ಆ ಬಳೆ ನಾನು ಓದ್ಲಿಲ್ಲ. ನಂಗೆ ಇಂಗ್ಲೀಷ್ ಬರಲ್ಲ. ಎಲ್ರೂ ನೋಡ್ತಿದ್ರು, ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ.”

ಅವರೂ ನಿಂತರು. ನಾನು ಹ್ಯಾಂಡಲ್ಲಿನ ಬೆಲ್ಲನ್ನು ನೋಡುತ್ತಿದ್ದೆ.

“ಹಂಗಾರೆ ಅದ್ರಲ್ಲಿ ಮದ್ರಾಸು ಅಂತ ಇಲ್ವಾ?”

“ಗೊತ್ತಿಲ್ಲ ತಾತ.”

“ಹಂಗಾರೆ ಇನ್ನೂ ದೂರ ಇರ್ಬೋದು ಅನ್ನು.”

ತಲೆ ಎತ್ತಿ ನೋಡಿದರೆ ಆ ಸೊರಗಿದ ಮುಖದಲ್ಲಿ ಸಿಟ್ಟಿನ ಸುಳಿವೇ ಇಲ್ಲ. ಕಳೆದುಹೋದ ಎತ್ತು ಹಟ್ಟಿಗೆ ಬಂದವರ ಮುಖ. ಅವರ ನೆಂಟರ ಊರು ಮತ್ತೆ ದೊಡ್ಡದಾಗಿತ್ತು. ಚೀಲದಿಂದ ಬಳೆ ತೆಗೆದು ನನ್ನ ಅಂಗೈಯಲ್ಲಿಟ್ಟು, ಓದು ಬರುವವರ ಹತ್ತಿರ ತೋರಿಸು ಎಂದರು. ಆಮೇಲೆ ದಾರಿಯುದ್ದಕ್ಕೂ ಎದೆಮೂಳೆಯ ಮಾತು.

ಮಾರನೆಯ ದಿನ ಶಿಡ್ಲಘಟ್ಟದ ಹೈಸ್ಕೂಲಿಗೆ ಹೋದೆ. ನಾಲ್ಕನೇ ಕ್ಲಾಸಿನ ಮೇಲೆ ಸ್ಕೂಲಿನ ಮೆಟ್ಟಿಲು ಹತ್ತಿದ್ದು ಅವತ್ತೇ. ಹೆಡ್ಮಾಸ್ಟರು ಬಳೆಯನ್ನು ಭೂತಗನ್ನಡಿಯಲ್ಲಿ ನೋಡಿದರು. ಹೊರದೇಶದ ಊರಿನ ಹೆಸರು, ಒಂದು ನಂಬರು ಇದೆ ಎಂದರು. ಇಂಥದ್ದನ್ನು ವಿಚಾರಿಸುವವರು ಬೊಂಬಾಯಿಯಲ್ಲಿದ್ದಾರೆ ಎಂದು ಎಲ್ಲೋ ಓದಿದ್ದರಂತೆ. ವಿಳಾಸ ಹುಡುಕಿ, ಬಳೆ ಸಿಕ್ಕಿದ ಬಗೆ, ಕೆರೆ, ಊರು ಎಲ್ಲ ವಿವರಿಸಿ ತಾವೇ ಕಾಗದ ಬರೆದರು. ಉತ್ತರ ಬಂದದ್ದು ಮಳೆಗಾಲ ಕಳೆದು ಕೆರೆ ತುಂಬಿದ ಮೇಲೆ. ಅವರು ಅದನ್ನು ಓದಿ ಅರ್ಥ ಹೇಳಿದರು. ನಾನು ಒಂದು ಉಪಕಾರ ಕೇಳಿದೆ. ಅದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದುಕೊಡಿ, ನಾನೇ ಓದಿ ಹೇಳಬೇಕು ಅಂದೆ. ಹೆಡ್ಮಾಸ್ಟರು ಬರೆದುಕೊಟ್ಟರು.

ಏರಿಯ ಮೇಲೆ ನೀರುಗಂಟಿಯ ಪಕ್ಕ ಕೂತು, ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ಓದಿದೆ. ಹಿಮಾಲಯದ ಆಚೆ, ರಷ್ಯಾ ದೇಶದ ಎತ್ತರದ ಬೆಟ್ಟಗಳ ನಡುವೆ ಒಂದು ಕೆರೆ ಇದೆ. ಚಳಿಗಾಲದಲ್ಲಿ ಅದರ ನೀರು ಕಲ್ಲಿನಂತೆ ಗಟ್ಟಿಯಾಗುತ್ತದೆ. ಈ ಹಕ್ಕಿ ಮರಿಯಾಗಿದ್ದಾಗ ಅಲ್ಲಿ ಅದರ ಕಾಲಿಗೆ ಬಳೆ ಹಾಕಿ ಬಿಟ್ಟಿದ್ದರು. ಅದು ಎಲ್ಲಿಗೆ ಹೋಯಿತು, ಏನಾಯಿತು ಎಂದು ತಿಳಿದದ್ದು ನಿಮ್ಮ ಕಾಗದದಿಂದ. ಇಷ್ಟು ಓದಲು ನನಗೆ ಬಹಳ ಹೊತ್ತು ಹಿಡಿಯಿತು. ಅವರು ಇನ್ನೊಂದು ಸಲ ಓದು ಅಂದರು. ಓದಿದೆ. ಆಮೇಲೆ ಕೆರೆಯ ನೀರನ್ನು ನೋಡುತ್ತಾ ಕೇಳಿದರು.

“ಆ ಕೆರೆಗೆ ನೀರುಗಂಟಿ ಯಾರಂತೆ?”

“ಅದು ಬರೆದಿಲ್ಲ ತಾತ.”

“ಇರ್ತಾನೆ. ನೀರಿದ್ದ ಮೇಲೆ ಒಬ್ಬ ಇರ್ಲೇಬೇಕು. ಬಳೆ ಹಾಕಿರೋನೂ ಅವ್ನೇ. ಕಳಿಸಿದೀನಿ, ತಲುಪಿದ್ರಾ ಅಂತ ಕೇಳವ್ನೆ.” ತಲೆಯ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಒಬ್ಳು ನಮ್ಮ ಕೆರೇಲಿ ಹೋದ್ಲಪ್ಪ. ನಾವು ಹೇಳೋವರ್ಗೂ ಅವ್ನು ಕಾಯ್ತಾ ಕೂತಿದ್ದ.”

ಕಾಗದ ಹೋಗಿದೆ, ಸುದ್ದಿ ಮುಟ್ಟಿದ ಹಾಗೇ ಎಂದು ನಾನು ಸಮಾಧಾನ ಹೇಳಿದೆ. ಹೌದು ಎಂದು ತಲೆಯಾಡಿಸಿ, ಆಮೇಲೆ ಬೀಡಿ ಹಚ್ಚಿದರು.

ಅದರ ಮರುವರ್ಷ ಬಂದೂಕಿನ ಜೀಪು ಮತ್ತೆ ಬಂತು. ಈ ಸಲ ನೀರುಗಂಟಿ ಏರಿಯ ತುದಿಯಲ್ಲಿ ದಾರಿಗೆ ಅಡ್ಡ ನಿಂತು ಕೈಮುಗಿದರು. ಇವರು ತಲುಪಿದರೋ ಇಲ್ಲವೋ ಎಂದು ಕೇಳುವವರು ಇದ್ದಾರೆ, ಒಂದು ಕಮ್ಮಿಯಾದರೂ ಕಾಗದ ಬರೆಯಬೇಕಾಗುತ್ತದೆ, ಬರೆಯುವ ಮನುಷ್ಯ ಆ ಬಾವಿಯ ಹತ್ತಿರ ಇದ್ದಾನೆ ಎಂದು ವಿನಯದಿಂದ ವಿವರಿಸಿದರು. ಬಾವಿಯ ಕಡೆ ಗದ್ದ ಎತ್ತಿ ತೋರಿಸಿದರು. ನಾನು ಗ್ರೀಸು ಮೆತ್ತಿದ ಕೈಯಲ್ಲಿ ಸ್ಪ್ಯಾನರು ಹಿಡಿದು ಎದ್ದು ನಿಂತೆ. ಸರ್ಕಾರದ ಯಾವ ಇಲಾಖೆ ಅಂದುಕೊಂಡರೋ ಏನೋ, ಜೀಪು ತಿರುಗಿಸಿಕೊಂಡು ಹೋದರು. ಆ ದಿನ ನೀರುಗಂಟಿ ನಕ್ಕಷ್ಟು ನಕ್ಕಿದ್ದನ್ನು ನಾನು ಬೇರೆ ಯಾವತ್ತೂ ನೋಡಲಿಲ್ಲ.

ಅವರು ಹೋದದ್ದು ಆಷಾಢದಲ್ಲಿ, ಕೆರೆಯಲ್ಲಿ ಹಕ್ಕಿ ಇಲ್ಲದ ಕಾಲದಲ್ಲಿ. ನಾಲ್ಕು ದಿನದ ಜ್ವರ. ನಾನು ಗೌರಿಬಿದನೂರು ತಾಲ್ಲೂಕಿನಲ್ಲಿ, ತೊಂಡೇಬಾವಿಯ ಹತ್ತಿರ ಒಂದು ಇಂಜಿನ್ ಬಿಚ್ಚಿ ಹರಡಿಕೊಂಡು ಕೂತಿದ್ದೆ. ನನಗೆ ಸುದ್ದಿ ತಲುಪಿದ್ದು ಊರಿಗೆ ಬಂದ ಮೇಲೆ, ಮಣ್ಣಾಗಿ ಮೂರು ದಿನಕ್ಕೆ. ಯಾರೂ ಬೇಕಂತ ತಡ ಮಾಡಿದ್ದಲ್ಲ. ಊರೂರಿಗೆ ನಡೆದು ಸುದ್ದಿ ಹೇಳುತ್ತಿದ್ದವರೇ ಹೋಗಿದ್ದರು. ಅವರ ಸುದ್ದಿ ಯಾರು ಹೇಳಬೇಕು ಎಂದು ಯಾರಿಗೂ ತೋಚಿರಲಿಲ್ಲ.

ಅವರ ಗುಡಿಸಲಿಗೆ ಹೋದೆ. ಹೊರಗೆ ನಿಂತು ಮಾತಾಡಿಸದೆ ಒಳಗೆ ಹೋಗಿ ಕೂತೆ, ಅವರ ಹೆಂಡತಿ ಕೊಟ್ಟ ನೀರು ಕುಡಿದೆ. ಯಾರ್ಯಾರಿಗೆ ಹೇಳಿದ್ದೀರಿ ಎಂದು ಕೇಳಿದೆ. ಹತ್ತಿರದವರಿಗೆಲ್ಲ ಹೇಳಾಯ್ತು ಎಂದರು. ಆಮೇಲೆ, “ದೂರದೋರಿಗೆ ಯಾರು ಹೇಳ್ತಾರಪ್ಪ?” ಎಂದು ಕೆರೆಯ ಕಡೆ ನೋಡಿದರು.

ಮನೆಗೆ ಬಂದು ಒಂದು ಕಾರ್ಡು ತೆಗೆದುಕೊಂಡು ಕೂತೆ. ಬೊಂಬಾಯಿಯ ವಿಳಾಸವನ್ನು ಹಳೆಯ ಕವರು ನೋಡಿಕೊಂಡು, ಬಿಡಿಭಾಗದ ನಂಬರು ಬರೆದುಕೊಳ್ಳುವ ಹಾಗೆ, ಒಂದೊಂದೇ ಅಕ್ಷರ ಎಳೆದೆ. ಈ ಕಡೆ ನನಗೆ ಬರುವ ಕನ್ನಡದಲ್ಲಿ ಬರೆದೆ. ನಮ್ಮ ಕೆರೆಯ ನೀರುಗಂಟಿ ಆಷಾಢದಲ್ಲಿ ತೀರಿಕೊಂಡರು. ಹಿಮಾಲಯದ ಆಚೆಯ ಆ ಕೆರೆಯ ನೀರುಗಂಟಿಗೆ ದಯವಿಟ್ಟು ಈ ಸುದ್ದಿ ಮುಟ್ಟಿಸಬೇಕು. ಬಂದವರನ್ನು ನಾವು ನೋಡಿಕೊಳ್ಳುತ್ತೇವೆ. ಅವರು ಎಂದಿನಂತೆ ಕಳಿಸಲಿ. ಕಾರ್ಡನ್ನು ಡಬ್ಬಿಗೆ ಹಾಕಿದ ಮೇಲೆಯೇ ಅವತ್ತು ಊಟ ಮಾಡಿದ್ದು.

ಉತ್ತರ ಬರಲಿಲ್ಲ. ಕನ್ನಡ ಓದುವವರು ಅಲ್ಲಿ ಇರಲಿಕ್ಕಿಲ್ಲ. ಕಾರ್ತಿಕದಲ್ಲಿ ಒಂದು ಬೆಳಗ್ಗೆ ಇಂಜಿನ್ ನಿಲ್ಲಿಸಿ ಏರಿ ಹತ್ತಿದೆ. ಅವರ ಹೆಂಡತಿ ಆಗಲೇ ಬಂದು ಕೂತಿದ್ದರು. ಇಷ್ಟು ವರ್ಷದಲ್ಲಿ ಆಕೆ ಹಕ್ಕಿ ನೋಡಲು ಬಂದದ್ದು ಅದೇ ಮೊದಲು. ಗುಂಪು ಬಂತು. ತೂಬಿನ ಮೇಲೆ ಒಂದು ಸುತ್ತು ಹಾಕಿತು. ಆಕೆ ಸೆರಗು ಬಾಯಿಗೆ ಹಿಡಿದು, “ಹುಡುಕ್ತಾ ಅವ್ರೆ ನೋಡು” ಅಂದರು. ಹುಡುಕುವುದಲ್ಲ, ಇಳಿಯುವ ಮುಂಚೆ ಅವು ಯಾವಾಗಲೂ ಒಂದು ಸುತ್ತು ಹಾಕುತ್ತವೆ ಎಂದು ತಾತನೇ ನನಗೆ ಹೇಳಿಕೊಟ್ಟಿದ್ದರು. ನಾನು ಅದನ್ನು ಹೇಳಲಿಲ್ಲ.

ಬಿಸಿಲು ಬಂದ ಮೇಲೆ ನೀರಿಗೆ ಇಳಿದು, ಉಳಿ ಸುತ್ತಿಗೆ ಹಿಡಿದು, ನೀರು ಮುಟ್ಟಿದ ಕಡೆ ಒಂದು ಗೆರೆ ಕೊರೆದೆ. ಅವರು ಹೋದ ಮೇಲೆ ಈಗ ಮೂರು ಕಾರ್ತಿಕ ಕಳೆದಿವೆ, ಆ ಕಂಬದಲ್ಲಿ ಕೊನೆಯ ಮೂರು ಗೆರೆ ನನ್ನವು. ದಿನವೆಲ್ಲ ಕಬ್ಬಿಣದ ಜೊತೆ ಕೆಲಸ ಮಾಡುವ ಕೈ ಇದು. ಆದರೂ ಅವರ ಗೆರೆಯಷ್ಟು ನೇರ ಇನ್ನೂ ಬಂದಿಲ್ಲ.